ಮೂರನೆಯ ಸಲ ಕೇಳಿದಾಗ

ತುಳಸಾಬಾಯಿಯ ಗಂಡ ಪ್ರಲ್ಹಾದರಾಯರು ವಿಜಯಪುರದ ಕಾಲೇಜೊಂದರಲ್ಲಿ ಮೂವತ್ನಾಲ್ಕು ವರ್ಷ ಗ್ರಂಥಪಾಲರಾಗಿದ್ದವರು. ಅವರ ಪ್ರಕಾರ ಪುಸ್ತಕ ಅಂದರೆ ಅದಕ್ಕೊಂದು ಬೆನ್ನಿರಬೇಕು, ಬೆನ್ನಿನ ಮೇಲೆ ನಂಬರಿರಬೇಕು, ಕೊನೆಯ ಹಾಳೆಗೆ ತಾರೀಖಿನ ಚೀಟಿ ಅಂಟಿಸಿರಬೇಕು. ಬೆನ್ನಿಲ್ಲದ, ವಾಸನೆಯಿಲ್ಲದ, ಇಲಿ ಸಹ ಮೂಸಿ ನೋಡದ ವಸ್ತುವನ್ನು ಪುಸ್ತಕ ಎಂದು ಕರೆಯಲು ಅವರಿಗೆ ಬಾಯಿ ಬರುತ್ತಿರಲಿಲ್ಲ. ಹೀಗಾಗಿ ಅಣ್ಣನ ಮಗಳು ಮೃಣಾಲ ಒಂದು ಶನಿವಾರ ಅಥಣಿ ರಸ್ತೆಯ ಅವರ ಮನೆಗೆ ಬಂದು, ತುಳಸಾಬಾಯಿಯ ಟ್ಯಾಬಿನೊಳಗೆ ಏನನ್ನೋ ಇಳಿಸಿ, "ಕಾಕು, ಇದರಾಗ ಸಾವಿರಾರು ಕನ್ನಡ ಪುಸ್ತಕ ಅವ. ಒಂದು ತಿಂಗಳು ಪುಕ್ಕಟೆ, ಆಮ್ಯಾಲೆ ವರ್ಷದ ಚಂದಾ" ಎಂದಾಗ, ರಾಯರು ಪೇಪರು ಮಡಚಿ ಕನ್ನಡಕದ ಮೇಲಿಂದ ನೋಡಿದರು.

"ಚಂದಾ ಕಟ್ಟಿದ ಮ್ಯಾಲೆ ಪುಸ್ತಕ ನಮ್ಮವೇನು?"

"ಇಲ್ಲ ಕಾಕಾ. ಚಂದಾ ಇರೂತನಕ ಓದಬಹುದು."

"ಬಿಟ್ಟರ?"

"ಹೋಗ್ತಾವ."

"ಎಲ್ಲಿಗೆ?"

ಮೃಣಾಲ ರಸಾಯನಶಾಸ್ತ್ರ ಕಲಿಸುವ ಹುಡುಗಿ. ಕುದ್ದ ನೀರಿನ ಆವಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ್ದರೆ ಹೇಳುತ್ತಿದ್ದಳು. ಪುಸ್ತಕ ಎಲ್ಲಿಗೆ ಹೋಗುತ್ತದೆ ಎಂಬುದು ಅವಳ ಪಾಠದಲ್ಲಿರಲಿಲ್ಲ.

ತುಳಸಾಬಾಯಿಯ ಕಿವಿಗೆ ಈ ಮಾತುಕತೆ ಬೀಳುತ್ತಿರಲೇ ಇಲ್ಲ. ಎರಡು ವರ್ಷದಿಂದ ಅವಳ ಕಣ್ಣಿಗೆ ಪುಸ್ತಕದ ಅಕ್ಷರಗಳೆಲ್ಲ ಚೆಲ್ಲಿದ ಸಾಸಿವೆಯಾಗಿದ್ದವು. ಇನ್ನು ಕನ್ನಡಕ ಬದಲಿಸಿ ಫಲವಿಲ್ಲ ಎಂದು ಡಾಕ್ಟರರು ಹೇಳಿದ ದಿನ ಆಕೆ ಮನೆಗೆ ಬಂದು, ಓದದೆ ಉಳಿದಿದ್ದ ಪುಸ್ತಕಗಳನ್ನೆಲ್ಲ ಒರೆಸಿ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದ್ದಳು. ಈಗ ಮೃಣಾಲ ಗಾಜಿನ ಮೇಲೆ ಎರಡು ಬೆರಳಿಟ್ಟು ಅಗಲಿಸಿದ ಕೂಡಲೇ ಅಕ್ಷರಗಳು ಎಣ್ಣೆಗೆ ಬಿದ್ದ ಹಪ್ಪಳದಂತೆ ಅರಳಿದವು. "ಅಯ್ಯ!" ಎಂದಳು ತುಳಸಾಬಾಯಿ. ಮೊದಲ ಸಾಲನ್ನು ಗಟ್ಟಿಯಾಗಿ ಓದಿದಳು. ಎರಡನೆಯದನ್ನು ಮನಸ್ಸಿನಲ್ಲೇ ಓದಿಕೊಂಡಳು. ಮೂರನೆಯ ಸಾಲಿಗೆ ಒಲೆಯ ಮೇಲಿನ ಹಾಲು ಉಕ್ಕಿತು.

ಹಾಲು ಒರೆಸಿ ಮುಗಿಯುವಷ್ಟರಲ್ಲಿ ರಾಯರು ನಿಯಮ ಮಾಡಿ ಮುಗಿಸಿದ್ದರು.

"ನೋಡು ತುಳಸಾ, ಗ್ರಂಥಾಲಯ ಛಲೋನೋ ಕೆಟ್ಟೋ ಅನ್ನೂದು ಕಪಾಟಿನಾಗ ಎಷ್ಟು ಪುಸ್ತಕ ಅವ ಅನ್ನೂದರಿಂದ ಗೊತ್ತಾಗೂದಿಲ್ಲ. ಕಡೀ ಹಾಳಿ ಎಷ್ಟು ಮಂದಿ ಮುಟ್ಯಾರ ಅನ್ನೂದರಿಂದ ಗೊತ್ತಾಗ್ತದ. ಈಗ ಹಿಡದೀಯಲ್ಲ, ಆ ಕಾದಂಬರಿನ ಪುಕ್ಕಟೆ ತಿಂಗಳು ಮುಗಿಯೂದರೊಳಗ ಕಡೀತನಕ ಓದು. ಮುಗಿಸಿದಿ, ಚಂದಾ ನಾ ಕಟ್ತೀನಿ. ಇಲ್ಲಂದ್ರ ಬಂದ್."

"ಒಂದು ಪುಸ್ತಕ? ತಿಂಗಳಿಗೆ?" ತುಳಸಾಬಾಯಿಗೆ ನಗು ತಡೆಯಲಾಗಲಿಲ್ಲ. "ಕಟ್ಟಲಿಕ್ಕೆ ತಯಾರಾಗೇ ಇರ್ರಿ."

"ನಿಯಮ ಅಂದ್ರ ನಿಯಮ."

ಈ ಮಾತಿಗೆ ರಾಯರು ಇಡೀ ಕಾಲೇಜಿನಲ್ಲಿ ಹೆಸರಾಗಿದ್ದರು. ತಡವಾಗಿ ಪುಸ್ತಕ ತಂದ ಹುಡುಗರು ಅವರ ಮೇಜಿನ ಮುಂದೆ ನಡುಗುತ್ತಿದ್ದರಂತೆ. ಅವರ ಕೆಲಸದಲ್ಲಿ ಇದ್ದ ಕೊರತೆ ಒಂದೇ. ತಾರೀಖಿನ ಮುದ್ರೆ ಒತ್ತುವಾಗ ಒಮ್ಮೊಮ್ಮೆ ಕೈ ಜಾರುತ್ತಿತ್ತು. ಹಳ್ಳಿಯಿಂದ ಬಸ್ಸಿಗೆ ಬರುವ ಹುಡುಗರ ಪುಸ್ತಕಗಳ ಮೇಲೆಯೇ ಅದು ಹೆಚ್ಚಾಗಿ ಜಾರುತ್ತಿತ್ತೆಂದೂ, ಜಾರಿದ ತಾರೀಖು ಯಾರಿಗೂ ಓದಲು ಬರುತ್ತಿರಲಿಲ್ಲವೆಂದೂ, ಹೀಗಾಗಿ ಆ ಹುಡುಗರು ತಡಮಾಡಿದ್ದು ಒಮ್ಮೆಯೂ ಸಾಬೀತಾಗಲಿಲ್ಲವೆಂದೂ ನಿವೃತ್ತಿಯ ಸಮಾರಂಭದಲ್ಲಿ ಸಿಪಾಯಿ ಚಂದ್ರಕಾಂತ ತುಳಸಾಬಾಯಿಗೆ ಹೇಳಿದ್ದ. ಆಕೆ ಮನೆಗೆ ಬಂದು ಕೇಳಿದ್ದಳು. "ರಬ್ಬರು ಹಳೇದಾಗಿತ್ತು" ಎಂದಿದ್ದರು ರಾಯರು.

ತುಳಸಾಬಾಯಿಯೂ ಇಪ್ಪತ್ತೊಂಬತ್ತು ವರ್ಷ ತಿಕೋಟಾದ ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸಿದವಳು. ನೌಕರಿ ಹಿಡಿದ ಹೊಸದರಲ್ಲಿ ಅಲ್ಲಿಯ ದುಂಡವ್ವನ ಮನೆಯಲ್ಲಿ ಒಂದು ಖೋಲಿ ಬಾಡಿಗೆ ಹಿಡಿದಿದ್ದಳು. ಖೋಲಿ ಬಿಟ್ಟು ಎಷ್ಟೋ ವರ್ಷವಾದರೂ ಮಂಗಳವಾರಕ್ಕೊಮ್ಮೆ ಬಸ್ಸು ಹತ್ತಿ ಹೋಗಿ ಗೆಳತಿಯ ಜೊತೆ ಸಂಜೆಯವರೆಗೆ ಕೂತು ಬರುವುದು ತಪ್ಪಿರಲಿಲ್ಲ. ದ್ರಾಕ್ಷಿ ಒಣಗಿಸುವ ದಿನಗಳಲ್ಲಿ ದುಂಡವ್ವ ಸಿಗುವುದು ಮನೆಯಲ್ಲಲ್ಲ, ತೋಟದ ಶೆಡ್ಡಿನಲ್ಲಿ. ಅಲ್ಲಿ ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಕೂತು, ಮಣೂಕವಾಗಿ ಒಣಗಿದ ದ್ರಾಕ್ಷಿಯೊಳಗಿನ ಕಡ್ಡಿ, ಕರಿ ಕಾಳು ಆರಿಸಿ ತೆಗೆಯುತ್ತಿದ್ದರು.

ಆ ಮಂಗಳವಾರ ತುಳಸಾಬಾಯಿ ಟ್ಯಾಬನ್ನು ಚೀಲದಲ್ಲಿ ಹಾಕಿಕೊಂಡು ಹೋದದ್ದು ಗೆಳತಿಗೆ ಅಕ್ಷರ ಅರಳುವುದನ್ನು ತೋರಿಸಲಿಕ್ಕೆ ಮಾತ್ರ. ದುಂಡವ್ವನಿಗೆ ಅಕ್ಷರ ಬಾರದು. ಅರಳಿದರೂ ಅಷ್ಟೇ, ಮುದುಡಿದರೂ ಅಷ್ಟೇ. "ನೋಡಿ ಏನ ಮಾಡ್ಲಿ ಬಾಯಾರ, ಅದರಾಗ ಏನ ಐತಿ ಓದಿ ಹೇಳ್ರಿ" ಎಂದಳು. ತುಳಸಾಬಾಯಿ ಓದಿದಳು.

ಅದು ಒಂದು ಹಳೆಯ ವಾಡೆಯ ಕತೆ. ವಾಡೆಯ ಅತ್ತೆ ಪಡಸಾಲೆಯ ಮೂಲೆಯಲ್ಲಿ ಒಂದು ಟ್ರಂಕಿಗೆ ಬೀಗ ಹಾಕಿ, ಕೀಲಿಯನ್ನು ಉಡಿಯಲ್ಲಿ ಕಟ್ಟಿಕೊಂಡಿದ್ದಾಳೆ. ಒಳಗೇನಿದೆ ಎಂದು ಯಾರಿಗೂ ಹೇಳುವುದಿಲ್ಲ. ಹಿರಿ ಸೊಸೆ ಗಂಗಾಬಾಯಿಗೆ ನಲವತ್ತು ವರ್ಷದಿಂದ ಆ ಟ್ರಂಕಿನದೇ ಧ್ಯಾನ. ಮೊದಲ ಅಧ್ಯಾಯ ಮುಗಿಯುವಷ್ಟರಲ್ಲಿ ಶೆಡ್ಡಿನಲ್ಲಿ ಎರಡು ಪಕ್ಷವಾದವು.

"ಬಂಗಾರ ಇಟ್ಟಿರ್ತಾಳ ಮುದುಕಿ. ಸೊಸಿಗಿ ಕೊಡಾಕ ಜೀವ ಒಲ್ಲದು" ಎಂದಳು ಮಹಾನಂದಾ. ಅವಳಿಗೆ ಮದುವೆಯಾಗಿ ಎರಡು ವರ್ಷ. ಅತ್ತೆ ಇರುವುದು ನಾಲ್ಕು ಫರ್ಲಾಂಗು ದೂರದಲ್ಲಿ.

"ನಿನ್ನಂಥಾಕಿ ಸೊಸಿ ಆದ್ರ ನಾನೂ ಬೀಗಾ ಹಾಕಾಕಿನ ಬೇ" ಎಂದಳು ದುಂಡವ್ವ.

ಸಂಜೆ ಏಳುವಾಗ ದುಂಡವ್ವ ಒಂದು ಮುಷ್ಟಿ ಮಣೂಕ ಗೆಳತಿಯ ಅಂಗೈಗೆ ಹಾಕಿ, ಬೆರಳು ಮಡಚಿಸಿ, ಹಾಗೇ ಹಿಡಿದುಕೊಂಡಳು. "ಬಾಯಾರ, ಮನಿಗಿ ಹೋಗಿ ನೀವೊಬ್ಬರ ಕುಂತು ಮುಂದಿಂದು ಓದಬ್ಯಾಡ್ರಿ ಮತ್ತ. ಕೂಡಿ ಉಣ್ಣಾಕ ಕುಂತಾಗ ಒಬ್ಬರ ಉಂಡು ಎದ್ದ ಹೋಗ್ತಾರೇನು? ಮಣೂಕ ಮುಟ್ಟಿ ಮಾತ ಕೊಡ್ರಿ."

ಮಾತು ಕೊಟ್ಟ ಮೇಲೆಯೇ ತುಳಸಾಬಾಯಿಗೆ ಗಂಡನ ನಿಯಮ ನೆನಪಾದದ್ದು. ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದಳು. ಪುಸ್ತಕದಲ್ಲಿ ಇಪ್ಪತ್ತೆಂಟು ಅಧ್ಯಾಯ. ಒಂದು ಮುಗಿದಿದೆ. ಪುಕ್ಕಟೆ ತಿಂಗಳು ಮುಗಿಯುವುದು ನಾಲ್ಕನೇ ಮಂಗಳವಾರ ಕಳೆದು ಬರುವ ಭಾನುವಾರ. ಇನ್ನು ಮೂರು ಮಂಗಳವಾರ, ಒಂದೊಂದು ದಿನ ಒಂಬತ್ತು ಅಧ್ಯಾಯ. ಮುಂಜಾನೆಯೇ ಹೋಗಿ ಕೂತರೆ ಸರಿಹೋಯಿತು.

ಲೆಕ್ಕ ಸರಿಯಾಗಿತ್ತು. ಲೆಕ್ಕದಲ್ಲಿ ಮದೀನಾಬಿ ಇರಲಿಲ್ಲ.

ಮದೀನಾಬಿ ಬಬಲೇಶ್ವರದಿಂದ ಬರುವವಳು. ಅವಳು ಹತ್ತುವ ಟಂಟಂ ರಿಕ್ಷಾ ಒಂದು ದಿನವೂ ಹೊತ್ತಿಗೆ ಸರಿಯಾಗಿ ಬಂದದ್ದಿಲ್ಲ. ಜೈನಾಪುರದಲ್ಲಿ ಒಬ್ಬರು ಮೇಕೆ ಹತ್ತಿಸಿದರು, ಅಲ್ಲಿಂದ ಮುಂದೆ ಆ ಮೇಕೆ ಇಳಿಯಲೊಲ್ಲದು ಎನ್ನುವಂಥ ಕಾರಣಗಳು ದಿನಾ ಇರುತ್ತಿದ್ದವು. ಆಕೆ ಒಳಗೆ ಬಂದು ಸೆರಗಿನಿಂದ ಮುಖ ಒರೆಸಿಕೊಂಡು, "ಹಿಂದಿಂದು ಹೇಳ್ರಿ ಬಾಯಾರ" ಎನ್ನುತ್ತಿದ್ದಳು. ಬಂದವರಿಗೆ ಹಿಂದಿನದು ಹೇಳದೆ ಮುಂದೆ ಓದುವುದು, ಬಂದವರ ಮುಂದೆ ತಾವಷ್ಟೇ ಚಹಾ ಕುಡಿದಂತೆ. ಹಾಗಾಗಿ ತುಳಸಾಬಾಯಿ ಹಿಂದಿನದು ಹೇಳುತ್ತಿದ್ದಳು. ಅವಳು ಸಂಕ್ಷೇಪ ಮಾಡಿದರೆ ಮಹಾನಂದಾ ತಡೆಯುತ್ತಿದ್ದಳು. "ಗಂಗಾಬಾಯಿ ತಾಟು ಕುಕ್ಕಿದ್ದ ಬಿಟ್ರಿ ನೀವು." ತಾಟು ಕುಕ್ಕಿದ್ದು ಹೇಳಿದರೆ, ಅದಕ್ಕೆ ಮೊದಲು ಅತ್ತೆ ಆಡಿದ ಮಾತು ಬೇಕೆಂದು ದುಂಡವ್ವನ ಹಟ. ಇದೆಲ್ಲ ಮುಗಿದು ಮುಂದಿನ ಅಧ್ಯಾಯಕ್ಕೆ ಕೈ ಹಾಕುವಾಗ ಬುತ್ತಿ ಬಿಚ್ಚುವ ಹೊತ್ತಾಗಿರುತ್ತಿತ್ತು.

ಇನ್ನೊಂದು ತೊಡಕು ದುಂಡವ್ವನ ಮಗ ತುಕಾರಾಮನದು. ಅವ ಎರಡನೇ ಮಂಗಳವಾರ ಒಂದು ಸಂಗತಿ ಕಂಡುಹಿಡಿದ. ಕತೆಯಲ್ಲಿ ದುಃಖ ಬಂದಾಗ ಹೆಂಗಸರ ಕೈ ನಿಲ್ಲುತ್ತವೆ. ಜಗಳ ಬಂದಾಗ ಮಷಿನ್ನಿನಂತೆ ಓಡುತ್ತವೆ. ಮೂರನೇ ಮಂಗಳವಾರ ಅವ ಟೇಬಲ್ ಫ್ಯಾನು ತಂದು ತುಳಸಾಬಾಯಿಯ ಕಡೆಗೆ ತಿರುಗಿಸಿಟ್ಟು, ಕೈ ಕಟ್ಟಿಕೊಂಡು ನಿಂತ.

"ಬಾಯಾರ, ಒಂದು ವಿನಂತಿ. ನಾಳಿ ತಾಸಗಾಂವಕ್ಕ ಲೋಡ್ ಹೋಗೋದೈತ್ರಿ. ಇವತ್ತ ಬರೇ ಜಗಳದ್ದ ಓದ್ರಿ."

"ಮುಂದ ಗಂಗಾಬಾಯಿಯ ಗಂಡ ಸಾಯೂದು ಬರ್ತದಪ್ಪಾ."

"ಅವ ನಾಡದ ಸಾಯ್ಲಿ ತಗೋರಿ. ಏನ ಅವಸರೈತಿ?"

ಹೆಂಗಸರು ಒಪ್ಪಿದರು. ಹದಿಮೂರನೇ ಅಧ್ಯಾಯದ ಹಿಸ್ಸೆಯ ಜಗಳವನ್ನು ಆ ದಿನ ಎರಡು ಸಲ ಓದಲಾಯಿತು. ಲೋಡು ಹೊತ್ತಿಗೆ ಮುಂಚೆ ತಯಾರಾಯಿತು. ತುಕಾರಾಮ ಎಲ್ಲರಿಗೂ ಕಬ್ಬಿನ ಹಾಲು ತರಿಸಿದ. ಗಂಗಾಬಾಯಿಯ ಗಂಡ ಮತ್ತೊಂದು ವಾರ ಬದುಕಿದ.

ಹೀಗೆ ನಾಲ್ಕನೇ ಮಂಗಳವಾರ ಸಂಜೆ ತುಳಸಾಬಾಯಿ ಬಸ್ಸಿನಲ್ಲಿ ಕೂತು ನೋಡಿದರೆ, ಟ್ಯಾಬಿನ ಮೂಲೆಯಲ್ಲಿ ಶೇಕಡಾ ಎಂಬತ್ತಾರು ಎಂದು ತೋರಿಸುತ್ತಿತ್ತು. ಇನ್ನೂ ನಾಲ್ಕು ಅಧ್ಯಾಯ. ಅತ್ತೆ ಹಾಸಿಗೆ ಹಿಡಿದಿದ್ದಳು. ಗಂಗಾಬಾಯಿ ಕೀಲಿಗೆ ಕೈ ಚಾಚಿದ್ದಳು. ಮುಂದಿನ ಮಂಗಳವಾರವೇ ಶೆಡ್ಡಿನ ಕೆಲಸದ ಕೊನೆಯ ದಿನ. ಆಮೇಲೆ ಹೆಂಗಸರೆಲ್ಲ ತಮ್ಮ ತಮ್ಮ ಊರಿಗೆ. ಆದರೆ ಪುಸ್ತಕ ಅದಕ್ಕೆ ಎರಡು ದಿನ ಮೊದಲೇ, ಭಾನುವಾರ, ಎಲ್ಲಿಗೋ ಹೋಗಿಬಿಡುತ್ತದೆ. ಬೆರಳು ತಾನಾಗಿ ಮುಂದಿನ ಪುಟದ ಮೇಲೆ ಹೋಯಿತು. ಚೀಲದ ತಳದಲ್ಲಿ ದುಂಡವ್ವ ಹಾಕಿದ ಮಣೂಕ ಕೈಗೆ ತಾಗಿತು. ತುಳಸಾಬಾಯಿ ಟ್ಯಾಬನ್ನು ಮುಚ್ಚಿಟ್ಟಳು.

ಅದೇ ವಾರ ಗುರುವಾರ ದುಂಡವ್ವ ಕಣ್ಣಿನ ಪೊರೆ ತೋರಿಸಲೆಂದು ವಿಜಯಪುರಕ್ಕೆ ಬಂದಳು. ದವಾಖಾನೆ ಮುಗಿಸಿ ಮಧ್ಯಾಹ್ನ ಗೆಳತಿಯ ಮನೆಗೆ ಬಂದು ಊಟ ಮಾಡಿದಳು. ಊಟವಾದ ಸ್ವಲ್ಪ ಹೊತ್ತಿಗೆ ರಾಯರು ಕೇಳಿದರು.

"ಚಹಾ ಮಾಡಸ್ಲೇನು ದುಂಡವ್ವಾ?"

"ಬ್ಯಾಡ್ರಿ ರಾಯರ. ಈಗರ ಉಂಡೇನಿ."

"ಅರ್ಧಾ ಕಪ್ಪು?"

"ಒಲ್ಲೆರಿ. ಹೊಟ್ಟ್ಯಾಗ ಜಾಗಾನ ಇಲ್ಲ."

"ಹಂಗ ಹ್ಯಾಂಗ ಹೋಗ್ತೀರಿ, ಒಂದು ಗುಟುಕು ತಗೋರಿ."

"ಈಗ ಇಷ್ಟ ಅನ್ನಾಕತ್ತೀರಿ ಅಂದ್ರ, ಹೂಂ, ಮಾಡ್ರಿ. ಸಕ್ಕರಿ ಜಾಸ್ತಿ ಇರ್ಲಿ."

ಮೂರನೆಯ ಸಲ ಕೇಳದೆ ಬಿಡುವ ಮನೆಯೂ ಆ ಸೀಮೆಯಲ್ಲಿಲ್ಲ, ಮೂರನೆಯ ಸಲಕ್ಕೆ ಒಲ್ಲೆ ಎನ್ನುವ ಅತಿಥಿಯೂ ಇಲ್ಲ. ತುಳಸಾಬಾಯಿ ಮೊದಲ ಸಲ ಕೇಳಿದಾಗಲೇ ಚಹಾಕ್ಕೆ ಇಟ್ಟಿದ್ದಳು.

ಚಹಾ ಕುಡಿಯುತ್ತ ದುಂಡವ್ವ ಕತೆಯ ಮಾತು ತೆಗೆದಳು. ತುಳಸಾಬಾಯಿ ಬೇರೆ ದಾರಿ ಕಾಣದೆ ಎಲ್ಲವನ್ನೂ ಹೇಳಿಬಿಟ್ಟಳು, ತಿಂಗಳು, ನಿಯಮ, ಭಾನುವಾರ.

"ಹೌದ್ರಿ ರಾಯರ? ಒಂದ ಪುಸ್ತಕದ ಸಲುವಾಗಿ ಇಷ್ಟ ಬಿಗಿ ಯಾಕ ಹಿಡದೀರಿ?"

"ಬಿಗಿ ಅಲ್ಲ ದುಂಡವ್ವಾ. ವರ್ಷಾ ರೊಕ್ಕಾ ಕೊಟ್ಟರೂ ಒಂದು ಹಾಳಿ ನಮ್ಮ ಮನಿಗೆ ಬರೂದಿಲ್ಲ. ಇದು ಯಾವ ವ್ಯವಹಾರ ನೀವೇ ಹೇಳ್ರಿ."

ದುಂಡವ್ವ ಬಸಿಯಲ್ಲಿ ಉಳಿದ ಚಹಾವನ್ನೂ ಮುಗಿಸಿ ಕೆಳಗಿಟ್ಟಳು. "ನಮ್ಮ ಮನ್ಯಾಗ ಹಿಂದಕ್ಕ ಹಡಪದಾಂವಗ, ಬಡಿಗ್ಯಾಗ ವರ್ಷಕ್ಕೊಮ್ಮಿ ರಾಶಿ ಕಣದಾಗ ಆಯಾ ಕೊಡ್ತಿದ್ವಿ. ಇಷ್ಟ ಕ್ಷೌರಕ್ಕ ಇಷ್ಟ ಜ್ವಾಳ ಅಂತ ಅಲ್ಲರಿ. ವರ್ಷದಾಗ ಯಾವಾಗ ಕರದ್ರೂ ಬರಬೇಕು, ಅಷ್ಟ. ಆಯಾ ಕೊಟ್ಟೇವಿ ಅಂತ ಅವನ ಕತ್ತಿ ಮನಿಗಿ ತಂದ ಇಟಗೊಂಡೇವೇನು?"

"ಅದು ಬ್ಯಾರೆ."

"ಏನ ಬ್ಯಾರೆ? ನಮ್ಮ ಮನಿಯವರ ತಲಿ ಐವತ್ತಕ್ಕ ಪೂರಾ ಬೋಳಾತ್ರಿ. ಆದ್ರೂ ಆಯಾ ನಿಲ್ಲಸಲಿಲ್ಲ. ತಮ್ಮ ತಲಿಗಿ ಬ್ಯಾಡಾದ್ರೂ ಮನ್ಯಾಗ ಬ್ಯಾರೆದವರ ತಲಿ ಇದ್ವಲ್ಲ!"

ರಾಯರ ಕೈ ಅವರಿಗೆ ತಿಳಿಯದಂತೆ ತಮ್ಮ ನುಣ್ಣನೆಯ ತಲೆಯ ಮೇಲೆ ಹೋಗಿ ಕೂತಿತು. ತುಳಸಾಬಾಯಿ ಕಪ್ಪು ಬಸಿ ಎತ್ತಿಕೊಂಡು ಅಡಿಗೆಮನೆಗೆ ಹೋಗಿ, ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಹೊರಗೆ ರಾಯರು ಮಾತು ಬದಲಿಸಿ ದುಂಡವ್ವನ ಕಣ್ಣಿಗೆ ಡಾಕ್ಟರು ಏನೆಂದರು ಎಂದು ಕೇಳುತ್ತಿದ್ದರು. ಬಸ್ಸಿಗೆ ಹತ್ತಿಸಿ ಬರಲು ಬಿಸಿಲಲ್ಲೇ ಛತ್ರಿ ಹಿಡಿದುಕೊಂಡು ಹೋದರು. ಛತ್ರಿ ದುಂಡವ್ವನ ತಲೆಯ ಮೇಲಿತ್ತು.

ಭಾನುವಾರ ಮುಂಜಾನೆ ತುಳಸಾಬಾಯಿ ತಾನೇ ಟ್ಯಾಬು ತಂದು ಗಂಡನ ಮುಂದಿಟ್ಟಳು. ಮೂರು ದಿನ ಅವಳು ತನ್ನೊಳಗೆ ಜಗಳಾಡಿ ಮುಗಿಸಿದ್ದಳು. ಇನ್ನೆರಡು ದಿನ ತಡೆಯಿರಿ ಎಂದರೆ ರಾಯರು ಇಲ್ಲ ಎನ್ನುತ್ತಿರಲಿಲ್ಲವೇನೋ. ಆದರೆ ಕೇಳಲು ಅವಳಿಗೆ ಮನಸ್ಸು ಬರಲಿಲ್ಲ. ಮಾತಿಗೆ ಒಪ್ಪಿದವಳು ತಾನು. ಅಂದು ನಕ್ಕವಳೂ ತಾನೇ.

"ಮುಗೀಲಿಲ್ಲರಿ. ಎಂಬತ್ತಾರಕ್ಕ ನಿಂತದ. ಬಂದ್ ಮಾಡಿಬಿಡ್ರಿ."

ರಾಯರು ಏನೋ ಹೇಳಲು ಬಾಯಿ ತೆರೆದರು. ಅವಳ ಮುಖ ನೋಡಿ ಮುಚ್ಚಿದರು. ಟ್ಯಾಬು ತೆಗೆದುಕೊಂಡು ಒಳಕೋಣೆಗೆ ಹೋದರು. ಕಾಲು ತಾಸು ಬಿಟ್ಟು ಹೊರಗೆ ಬಂದು, "ಆತು" ಎಂದರು. ಯಾವುದು ಆಯಿತು ಎಂದು ಹೇಳಲಿಲ್ಲ. ತುಳಸಾಬಾಯಿ ಕೇಳಲಿಲ್ಲ. ಆ ದಿನ ಸಾರಿಗೆ ಉಪ್ಪು ಎರಡು ಸಲ ಬಿತ್ತು. ರಾಯರು ಅದನ್ನು ಎರಡು ಸಲ ಬಡಿಸಿಕೊಂಡು ಉಂಡರು.

ಮಂಗಳವಾರ ಆಕೆ ಚಪ್ಪಲಿ ಮೆಟ್ಟುವಾಗ ರಾಯರೂ ಟೊಪ್ಪಿಗೆ ಹಾಕಿಕೊಂಡು ನಿಂತಿದ್ದರು.

"ನೀವೆಲ್ಲಿಗೆ?"

"ಮಣೂಕ ತರೂದದ. ಮನ್ಯಾಗ ಮುಗದಾವ."

ಮನೆಯಲ್ಲಿ ದುಂಡವ್ವ ಕೊಟ್ಟ ಮಣೂಕ ಮೂರು ಡಬ್ಬಿ ಇದ್ದವು. ತುಳಸಾಬಾಯಿ ಮುಂದೆ ನಡೆದಳು. ಅವರನ್ನು ನೋಡಿ ಬಸ್ಸಿನ ಕಂಡಕ್ಟರ್ ಸೀಟಿ ಊದಿ ಬಸ್ಸು ನಿಲ್ಲಿಸಿದ. "ಬಾಯಾರ, ಇವತ್ತ ಟ್ರಂಕ್ ತೆಗೀತಾರಂತಲ್ರಿ?" ಎಂದು ಕೇಳಿದ. ಅವನ ಹೆಂಡತಿಯ ತಂಗಿ ಅದೇ ಶೆಡ್ಡಿಗೆ ಹೋಗುತ್ತಿದ್ದಳು. ತುಳಸಾಬಾಯಿ ಕಿಟಕಿಯ ಹೊರಗೆ ನೋಡಿದಳು. ಏನು ಹೇಳಬೇಕು ಅವರಿಗೆಲ್ಲ? ತಾನು ಕತೆ ಕಟ್ಟಿ ಹೇಳಬಹುದು. ಆದರೆ ಇಪ್ಪತ್ತೊಂಬತ್ತು ವರ್ಷ ಮಕ್ಕಳಿಗೆ ಪುಸ್ತಕದಲ್ಲಿಲ್ಲದ್ದು ಬರೆಯಬೇಡಿ ಎಂದವಳು ತಾನು.

ಶೆಡ್ಡಿನಲ್ಲಿ ಎಲ್ಲರೂ ಬಂದು ಕೂತಾಗಿತ್ತು. ಮದೀನಾಬಿ ಮೊದಲ ಸಾಲಿನಲ್ಲಿದ್ದಳು.

"ಇವತ್ತ ನನಗ ಹಿಂದಿಂದು ಬ್ಯಾಡ್ರಿ ಬಾಯಾರ. ಟಂಟಂದಾಂವಗ ನಿನ್ನಿನ ಹೇಳಿದ್ದೆ, ಮ್ಯಾಕಿ ಹತ್ತಸಿದ್ರ ನಿನ್ನ ಇಳಸ್ತೀನಿ ಅಂತ."

ಮಹಾನಂದಾ ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ತುಳಸಾಬಾಯಿಗೆ ಹಾಸಿದ್ದಳು. ಹಿಂದೆ ರಾಯರು ಬಂದದ್ದನ್ನು ಕಂಡು ಅವರಿಗೊಂದು ಕ್ರೇಟು ಬೋರಲು ಹಾಕಿಕೊಟ್ಟಳು. ತುಕಾರಾಮನೂ ಬಾಗಿಲಿಗೆ ಒರಗಿ ನಿಂತ. "ಇವತ್ತ ದುಃಖದ್ದ ಇದ್ರೂ ನಡೀತೈತ್ರಿ. ಕೆಲಸಾ ಮುಗದೈತಿ" ಎಂದ.

ತುಳಸಾಬಾಯಿ ನಿಂತುಕೊಂಡೇ ಹೇಳಿದಳು. ತಿಂಗಳು ಮುಗಿಯಿತು, ಪುಸ್ತಕ ಹೋಯಿತು, ತಪ್ಪು ತನ್ನದೇ.

ಎಲ್ಲರ ಬಾಯಿ ಒಂದೇ ಸಲ ತೆರೆದವು.

"ಹೋತು ಅಂದ್ರ? ಮುದುಕಿ ಸತ್ತಳೋ ಇಲ್ಲೋ?" ಮಹಾನಂದಾ ಕೇಳಿದಳು.

"ನಾ ಇವತ್ತ ಹೊತ್ತಿಗಿ ಸರಿಯಾಗಿ ಬಂದೇನ್ರಿ!" ಎಂದಳು ಮದೀನಾಬಿ. ಇದು ತನಗಾದ ಅನ್ಯಾಯ ಎನ್ನುವ ಧಾಟಿಯಲ್ಲಿ.

ದುಂಡವ್ವ ರಾಯರ ಕಡೆ ನೋಡಿದಳು. ರಾಯರು ತಮ್ಮ ಚಪ್ಪಲಿ ನೋಡುತ್ತಿದ್ದರು.

"ಬಾಯಾರ," ಎಂದಳು ದುಂಡವ್ವ ನಿಧಾನವಾಗಿ, "ಒಮ್ಮಿ ತಗದರ ನೋಡ್ರಿ."

"ತಗದೇನು ಬರ್ತದ ದುಂಡವ್ವಾ."

"ತಗೀರಿ."

ತುಳಸಾಬಾಯಿ ಟ್ಯಾಬು ತೆಗೆದಳು. ಗಾಜಿನ ಮೇಲೆ ಬೆರಳಿಟ್ಟಳು. ಇಪ್ಪತ್ತೈದನೇ ಅಧ್ಯಾಯ ದೊಡ್ಡ ದೊಡ್ಡ ಅಕ್ಷರಗಳಲ್ಲಿ ಅರಳಿ ನಿಂತಿತು, ಕಾದು ಕೂತವರ ಹಾಗೆ.

ಆಕೆ ಗಂಡನ ಕಡೆ ತಿರುಗಿದಳು. ಇಡೀ ಶೆಡ್ಡು ತಿರುಗಿತು. ರಾಯರು ಎರಡು ಸಲ ಕೆಮ್ಮಿದರು.

"ನಾ ರದ್ದು ಮಾಡಲಿಕ್ಕೇ ಹೋಗಿದ್ದೆ" ಎಂದರು. "ಒತ್ತಿದೆ. 'ನೀವು ಹೋಗಲೇಬೇಕಾ?' ಅಂತ ಕೇಳ್ತು. ಹೌದು ಅಂತ ಒತ್ತಿದೆ. 'ನೀವು ಹೋದರೆ ನಮಗೆ ಬೇಸರವಾಗುತ್ತದೆ, ಇನ್ನೊಮ್ಮೆ ವಿಚಾರ ಮಾಡಿ' ಅಂತು. ಇಲ್ಲಪಾ, ಹೊಂಟೆ ಅಂದೆ. ಮೂರನೇ ಸಲ, 'ಇರ್ತೀರಲ್ಲ?' ಅಂತ ಕೇಳ್ತು."

"ಮತ್ತ?" ಎಂದರು ಹತ್ತು ಹನ್ನೆರಡು ಮಂದಿ.

"ಮತ್ತೇನು? ಮೂರನೇ ಸಲ ಕೇಳಿದ ಮ್ಯಾಲೆ ಒಲ್ಲೆ ಅನ್ನಲಿಕ್ಕೆ ಬರ್ತದೇನು? ಅರವತ್ತು ವರ್ಷದ ರೂಢಿ. ಕೈ ತಾನೇ ಹೂಂ ಅಂತ ಒತ್ತಿಬಿಡ್ತು. ವರ್ಷದ ಚಂದಾ ಹೋತು."

ಶೆಡ್ಡಿನ ತಗಡು ಹಾರುವಂತೆ ನಗು ಎದ್ದಿತು. ಮದೀನಾಬಿ ಮಣೂಕದ ರಾಶಿಯ ಮೇಲೆಯೇ ವಾಲಿದಳು. "ಖರೇ ಐತ್ರಿ ರಾಯರ! ಮೂರನೇ ಸಲಾ ಒಲ್ಲೆ ಅಂದ್ರ ಮುಂದ ಅವರ ಮನಿಗಿ ಯಾ ಮಾರಿ ತಗೊಂಡ ಹೋಗೂದು?"

"ಮಷಿನ್ನಿಗೆ ಎಷ್ಟ ಮರ್ಯಾದಿ ಐತಿ ನೋಡಬೇ" ಎಂದಳು ಮಹಾನಂದಾ. "ನಮ್ಮತ್ತಿ ಎರಡ ಸಲಕ್ಕ ಒಳಗ ಎದ್ದ ಹೋಗ್ತಾಳ."

ದುಂಡವ್ವ ಮಾತ್ರ ನಗಲಿಲ್ಲ. ರಾಯರ ಮುಂದೆ ಒಂದು ಮುಷ್ಟಿ ಮಣೂಕ ಇಟ್ಟು, "ತಿನ್ರಿ" ಎಂದಳು.

ತುಳಸಾಬಾಯಿ ಓದಿದಳು. ಬುತ್ತಿಯ ಹೊತ್ತಿಗೂ ಯಾರೂ ಏಳಲಿಲ್ಲ. ಇಪ್ಪತ್ತೇಳನೇ ಅಧ್ಯಾಯಕ್ಕೆ ಅವಳ ಧ್ವನಿ ಬಿದ್ದುಹೋಯಿತು. ರಾಯರು ಟ್ಯಾಬು ತೆಗೆದುಕೊಂಡು, ಅದನ್ನು ಪುಸ್ತಕ ಹಿಡಿಯುವಂತೆ ಎರಡೂ ಕೈಯಲ್ಲಿ ಹಿಡಿದು ಮುಂದೆ ಓದಿದರು. ಪುಟ ಮುಗಿದಾಗ ಬೆರಳಿಗೆ ಉಗುಳು ಹಚ್ಚಿಕೊಂಡು ಗಾಜಿನ ಮೇಲೆ ತಿರುವಿದರು. ಗಾಜು ಒದ್ದೆಯಾಯಿತು. ತುಕಾರಾಮ ತನ್ನ ಟವೆಲಿನ ತುದಿಯಿಂದ ಒರೆಸಿಕೊಟ್ಟ.

ಅತ್ತೆ ತೀರಿಕೊಂಡಳು. ಹದಿನಾಲ್ಕನೇ ದಿನ ಗಂಗಾಬಾಯಿ ಟ್ರಂಕಿನ ಬೀಗ ತೆಗೆದಳು. ಬಂಗಾರವಿರಲಿಲ್ಲ. ಅರ್ಧ ಹೊಲಿದ ಒಂದು ಕೌದಿ ಇತ್ತು, ಸೂಜಿ ಇನ್ನೂ ಅದರಲ್ಲೇ ಚುಚ್ಚಿಕೊಂಡಿತ್ತು. ಗಂಗಾಬಾಯಿಗೆ ದಕ್ಕದೆ ಹೋದ ಮೊದಲ ಕೂಸಿಗೆಂದು ಅತ್ತೆ ಹೊಲಿಯುತ್ತಿದ್ದ ಕೌದಿ ಅದು. ಕೂಸಿನ ನೆನಪು ಸೊಸೆಯ ಕಣ್ಣಿಗೆ ಬೀಳದಿರಲೆಂದು ನಲವತ್ತು ವರ್ಷ ಬೀಗ ಹಾಕಿಟ್ಟಿದ್ದಳು. ಗಂಗಾಬಾಯಿ ಸೂಜಿಗೆ ಹೊಸ ದಾರ ಪೋಣಿಸಿ, ಅತ್ತೆ ನಿಲ್ಲಿಸಿದ ಹೊಲಿಗೆಯ ಪಕ್ಕದಲ್ಲಿ ಮುಂದಿನ ಹೊಲಿಗೆ ಹಾಕಿದಳು.

"ಹೇಳಬೇಕಿತ್ತಿಲ್ಲೋ ಮುದುಕಿ" ಎಂದಳು ಮಹಾನಂದಾ, ಮೂಗು ಒರೆಸಿಕೊಳ್ಳುತ್ತ. "ಬಾಯಿ ಬಿಟ್ಟ ಒಂದ ಮಾತ ಹೇಳಿದ್ರ ಏನ ಹೋಗ್ತಿತ್ತು?"

"ಕೆಲವರಿಗಿ ಬರಂಗಿಲ್ಲ ಬೇ" ಎಂದಳು ದುಂಡವ್ವ.

ಹೊರಡುವಾಗ ಆಕೆ ಎರಡು ಶೇರಿನ ಡಬ್ಬಿಯ ತುಂಬ ಆರಿಸಿದ ಮಣೂಕ ತಂದು ರಾಯರ ಕೈಗೇ ಕೊಟ್ಟಳು. "ಇದು ಆಯಾ. ಇನ್ನ ಕರದಾಗೆಲ್ಲಾ ಬಂದ ಓದಬೇಕು, ಇಬ್ಬರೂ." ರಾಯರು ಬೇಡ ಎಂದರು. ಎರಡನೆಯ ಸಲವೂ ಬೇಡ ಎಂದರು.

ಮುಂದಿನ ಶನಿವಾರ ಮೃಣಾಲ ಬಂದಾಗ ತುಳಸಾಬಾಯಿ ರಾಯರು ರದ್ದು ಮಾಡಲು ಹೋದ ಕತೆ ಹೇಳುತ್ತ ನಕ್ಕಳು. "ಭಾರೀ ಮರ್ಯಾದಸ್ಥ ಅದ ನೋಡವಾ ನಿನ್ನ ಆ್ಯಪು. ಮೂರು ಸಲ ಕೇಳ್ತಂತ."

"ಯಾರನ್ನ?" ಮೃಣಾಲಳಿಗೆ ಅರ್ಥವಾಗಲಿಲ್ಲ. "ಅದು ಕೇಳೂದೇ ಇಲ್ಲ ಕಾಕು. ಒಮ್ಮೆ ಒತ್ತಿದರ ಬಂದ್ ಆಗ್ತದ. ನಾನೇ ಹೋದ ವರ್ಷ ಮಾಡಿದ್ದೆ. ಮತ್ತ ಕಾಕಾ ಗುರುವಾರ ಸಂಜೀಗೇ ಫೋನ್ ಮಾಡಿ, ವರ್ಷದ ಚಂದಾ ಕಟ್ಟೂದು ಹ್ಯಾಂಗ ಅಂತ ಅರ್ಧಾ ತಾಸು ಕೇಳಿಕೊಂಡು..." ಅಷ್ಟಕ್ಕೇ ನಾಲಿಗೆ ಕಚ್ಚಿಕೊಂಡಳು. "ಹೇಳಬ್ಯಾಡ ಅಂದಿದ್ದರು."

ಗುರುವಾರ ಅಂದರೆ ದುಂಡವ್ವ ಬಂದ ದಿನ. ಛತ್ರಿ ಹಿಡಿದುಕೊಂಡು ಬಸ್ಸಿಗೆ ಹತ್ತಿಸಿ ಬಂದ ಮೇಲೆ. ತುಳಸಾಬಾಯಿ ಮನಸ್ಸಿನಲ್ಲೇ ಎಣಿಸಿದಳು. ರಬ್ಬರು ಹಳೆಯದಾಗಿತ್ತು, ಕೈ ಜಾರಿತು, ಮಷಿನ್ನು ಮೂರು ಸಲ ಕೇಳಿತು. ನಿಯಮ ಮುರಿದದ್ದು ತಾವಲ್ಲ ಎನ್ನಲು ಈ ಮನುಷ್ಯನಿಗೆ ಎಷ್ಟು ಕಾರಣಗಳು! "ನಾ ಹೇಳಿದೆ ಅಂತ ಹೇಳಬ್ಯಾಡ್ರಿ ಮತ್ತ" ಎಂದಳು ಮೃಣಾಲ. "ಏನು ಹೇಳಿದಿ? ನನಗೇನೂ ಕೇಳಿಸಲಿಲ್ಲ" ಎಂದು ತುಳಸಾಬಾಯಿ ಎದ್ದಳು.

ರಾಯರು ಪಡಸಾಲೆಯಲ್ಲಿ ಬೆನ್ನು ತಿರುಗಿಸಿ ಕೂತು ಏನೋ ಮಾಡುತ್ತಿದ್ದರು.

"ಚಹಾ ಮಾಡ್ಲೇನ್ರಿ?"

"ಬ್ಯಾಡ."

"ಅರ್ಧಾ ಕಪ್ಪು?"

"ಒಲ್ಲೆ ಅಂದೆನಲ್ಲ."

ತುಳಸಾಬಾಯಿ ಒಲೆ ಹೊತ್ತಿಸಿದಳು. ಮೂರನೆಯ ಸಲ ಕೂಡಲೇ ಕೇಳಲಿಲ್ಲ. ಪಡಸಾಲೆಯಲ್ಲಿ ಕೈಯ ಸಪ್ಪಳ ನಿಂತಿತು. ರಾಯರು ಕಿವಿಗೊಟ್ಟು ಕಾಯುತ್ತಿದ್ದರು. ಚಹಾ ಕುದ್ದು ಮೇಲೆದ್ದಾಗ, "ಒಂದು ಗುಟುಕು ತಗೋರಿ" ಎಂದಳು.

"ಈಗ ನೀ ಇಷ್ಟು ಕೇಳ್ಲಿಕ್ಕತ್ತಿದಿ ಅಂದ್ರ..."

ಕಪ್ಪು ಹಿಡಿದು ಹೊರಗೆ ಬಂದವಳು ನಿಂತಳು. ರಾಯರು ಟ್ಯಾಬಿಗೆ ಖಾಕಿ ಕಾಗದದ ಗಟ್ಟಿ ರಟ್ಟು ಹಾಕಿ ಮುಗಿಸಿದ್ದರು. ಅದಕ್ಕೀಗ ಬೆನ್ನು ಬಂದಿತ್ತು. ಬೆನ್ನಿನ ಮೇಲೆ ಅವರ ದುಂಡನೆಯ ಅಕ್ಷರದಲ್ಲಿ ನಂಬರಿತ್ತು. ರಟ್ಟಿನ ಒಳಗೆ ಚೌಕಾಕಾರದ ಚೀಟಿ ಅಂಟಿಸಿ, ಹಳೆಯ ಮುದ್ರೆಯನ್ನು ಎಲ್ಲಿಂದಲೋ ಹುಡುಕಿ ತೆಗೆದು, ಹಿಂದಿರುಗಿಸುವ ತಾರೀಖು ಒತ್ತಿದ್ದರು.

ತುಳಸಾಬಾಯಿ ಕಣ್ಣ ಹತ್ತಿರ ಹಿಡಿದು ನೋಡಿದಳು. ಮುದ್ರೆ ಜಾರಿತ್ತು. ಯಾವ ವರ್ಷವೆಂದು ಓದಲು ಬರುತ್ತಿರಲಿಲ್ಲ.